ಅಟ್ರಾಸಿಟಿ ಕೇಸ್ ಹಾಕಿದ ಹೆಣ್ಮಕ್ಕಳ ಜೊತೆ ರಿಸರ್ಚ್ ಮಾಡಿದ್ದು ಹೇಗೆ: ನನ್ನ ಅನುಭವ

ಕ್ರಿಮಿನಾಲಜಿಲಿ ಪಿಎಚ್‌ಡಿ ಮಾಡ್ಬೇಕು ಅನ್ನೋ ಹುಡುಗ ಹುಡುಗೀರು ಕೇಳ್ತಿರ್ತಾರೆ, ಹೇಟ್ ಕ್ರೈಮ್, ಅಂದ್ರೆ ಜಾತಿ, ಧರ್ಮ, ಬಣ್ಣದಂಥ ಗುರುತಿನ ಮೇಲಿನ ದ್ವೇಷಕ್ಕೆ ಮಾಡೋ ಅಪರಾಧ, ಅನ್ನೋದು ಅಮೆರಿಕಾ ಇಂಗ್ಲೆಂಡ್ ವಿಷಯ ಅಲ್ವಾ, ನಮ್ಮಲ್ಲಿ ಆ ಕಾನೂನೇ ಇಲ್ವಲ್ಲ ಅಂತ. ಆ ಹೆಸರಲ್ಲಿ ಇಲ್ಲ, ನಿಜ. ಆದ್ರೆ 1989ರ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಮತ್ತೇನು? ನಾನು ಕೆಲಸ ಮಾಡಿದ್ದು ಅದರ ಮೇಲೇನೇ, ಕಲ್ಯಾಣ ಕರ್ನಾಟಕದ ಕಡೆ, ಕೇಸ್ ಹಾಕಿದ ದಲಿತ ಹೆಣ್ಮಕ್ಕಳ ಜೊತೆ.

ಇಂಟರ್‌ಸೆಕ್ಷನಾಲಿಟಿ, ಅಂದ್ರೆ ಒಬ್ಬರ ಮೇಲೆ ಜಾತಿ, ಲಿಂಗದಂಥ ಹಲವು ತಾರತಮ್ಯ ಒಟ್ಟಿಗೆ ಹೆಣೆದುಕೊಂಡು ಬರೋದು, ಅಂದ ಕೂಡ್ಲೇ ಎಲ್ರೂ ಅಮೆರಿಕಾದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಬರೆದ ಲೇಖನದಿಂದ ಶುರು ಮಾಡ್ತಾರೆ, ನಾನೂ ಓದಿದೆ. ಆದ್ರೆ ನನಗೆ ದಾರಿ ತೋರಿಸಿದ್ದು ನಮ್ಮದೇ ಸುಪ್ರೀಂ ಕೋರ್ಟಿನ 2021ರ ಪಟಾನ್ ಜಮಾಲ್ ವಲಿ ತೀರ್ಪು. ಆಂಧ್ರದ ಹುಡುಗಿ, ಹುಟ್ಟಿನಿಂದ ಕಣ್ಣು ಕಾಣಲ್ಲ, ಪರಿಶಿಷ್ಟ ಜಾತಿ, ಅವಳ ಮೇಲೆ ಅತ್ಯಾಚಾರ ಆಗಿದ್ದು 2011ರಲ್ಲಿ. ಜಾತಿ, ಹೆಣ್ತನ, ಅಂಗವೈಕಲ್ಯ ಮೂರೂ ಒಟ್ಟಿಗೆ ಕೆಲಸ ಮಾಡ್ತವೆ, ಬಿಡಿಸಿ ನೋಡೋಕಾಗಲ್ಲ ಅಂತ ಕೋರ್ಟು ವಿವರವಾಗಿ ಬರೀತು. ಅತ್ಯಾಚಾರಕ್ಕೆ ಜೀವಾವಧಿ ಎತ್ತಿಹಿಡೀತು, ಅಟ್ರಾಸಿಟಿ ಕಾಯ್ದೆಯ ಸೆಕ್ಷನ್ 3(2)(5), ಅಂದ್ರೆ ಎಸ್‌ಸಿ ಎಸ್‌ಟಿಯವರ ಮೇಲೆ ಗಂಭೀರ ಅಪರಾಧ ಮಾಡಿದ್ರೆ ಜೀವಾವಧಿ ಕೊಡೋ ಕಲಮು, ಮಾತ್ರ ಬಿದ್ದುಹೋಯ್ತು! ಯಾಕಂದ್ರೆ ಹಳೇ ಕಾಯ್ದೆಯಲ್ಲಿ ಜಾತಿಯ ಕಾರಣಕ್ಕೇ ಮಾಡಿದ ಅಂತ ಸಾಬೀತು ಮಾಡ್ಬೇಕಿತ್ತು. ತಿದ್ದುಪಡಿ ಬಂದ್ಮೇಲೆ, ಅಂದ್ರೆ 2016 ಜನವರಿ 26ರಿಂದ, ಆಕೆ ಆ ಜಾತಿಯವಳು ಅಂತ ಗೊತ್ತಿದ್ದು ಮಾಡಿದ್ರೆ ಸಾಕು. ಹಾಗಾಗಿ ನನ್ನ ಎಕ್ಸೆಲ್ ಶೀಟಲ್ಲಿ ಮೊದಲ ಕಾಲಂ ಘಟನೆ ನಡೆದ ತಾರೀಕು, ಅದನ್ನ ನೋಡದೆ 3(2)(5) ಕೇಸುಗಳನ್ನ ಒಟ್ಟಿಗೆ ಎಣಿಸೋದ್ರಲ್ಲಿ ಅರ್ಥ ಇಲ್ಲ.

ಎನ್‌ಸಿಆರ್‌ಬಿ (ಕೇಂದ್ರದ ಅಪರಾಧ ದಾಖಲೆ ಬ್ಯೂರೋ) ಅಂಕಿಅಂಶ ಮಾತ್ರ ಇಟ್ಕೊಂಡು ಕೂತ್ರೆ ಜಾತಿ, ಹೆಣ್ತನ ಒಟ್ಟಿಗೆ ಕೆಲಸ ಮಾಡೋದು ಕಾಣ್ಸೋದೇ ಇಲ್ಲ. ಮಹಿಳೆಯರ ಮೇಲಿನ ಅಪರಾಧ ಒಂದು ಅಧ್ಯಾಯ, ಎಸ್‌ಸಿಗಳ ಮೇಲಿನದ್ದು ಇನ್ನೊಂದು, ಮೇಲಾಗಿ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ರೂ ಅತಿ ಗಂಭೀರವಾದ ಒಂದನ್ನೇ ಲೆಕ್ಕಕ್ಕೆ ತಗೋತಾರೆ. ಅದಕ್ಕೇ ನಾನು ಕೇಸ್ ಫೈಲಿಗೇ ಹೋದೆ. ದೂರು, ಎಫ್‌ಐಆರ್, ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟ 164 ಹೇಳಿಕೆ (ಆಗಿನ ಸಿಆರ್‌ಪಿಸಿ ಸೆಕ್ಷನ್), ಚಾರ್ಜ್‌ಶೀಟ್, ತೀರ್ಪು ಐದನ್ನೂ ಪಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗೋವಾಗ ಏನು ಉದುರಿಹೋಯ್ತು ಅಂತ ಮಾತ್ರ ಬರ್ಕೊಂಡೆ. ದೂರಿನಲ್ಲಿ ಸೀರೆ ಎಳೆದ್ರು ಅಂತಲೂ ಇರುತ್ತೆ, ಜಾತಿ ಹಿಡಿದು ಬೈದ್ರು ಅಂತಲೂ ಇರುತ್ತೆ, ಚಾರ್ಜ್‌ಶೀಟಿಗೆ ಬರೋಷ್ಟರಲ್ಲಿ ಎರಡರಲ್ಲಿ ಒಂದು ಉಳಿಯುತ್ತೆ. ಮಹಾರಾಷ್ಟ್ರದ ಖೈರ್ಲಾಂಜಿಲಂತೂ ಎರಡೂ ಉಳೀಲಿಲ್ಲ, 2006ರಲ್ಲಿ ದಲಿತ ಕುಟುಂಬದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನ ಕೊಂದ ಆ ಕೇಸು ಕೊನೆಗೆ ಸೇಡಿನ ಕೊಲೆ ಅಂತಾಯ್ತು. ಇದನ್ನ ಬರೆಯೋವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಇನ್ನು ಸಂದರ್ಶನ. ನಾನು ಮೇಲ್ಜಾತಿ ಮನೆಯವಳು, ಅದನ್ನ ಮೊದ್ಲೇ ಹೇಳಿಬಿಡ್ತಿದ್ದೆ, ಯಾಕಂದ್ರೆ ಯಾವೂರು, ಯಾರ ಪೈಕಿ ಅಂತ ಅವರು ಕೇಳೇ ಕೇಳ್ತಾರೆ, ಕೊಟ್ಟ ನೀರು ಚಹಾ ಕುಡೀತಾಳಾ ಇಲ್ವಾ ಅಂತಲೂ ನೋಡ್ತಾರೆ. ಸಹಿ ಹಾಕಿಸ್ಕೊಳ್ಳೋ ಫಾರ್ಮ್ ಬಿಟ್ಟೆ, ಠಾಣೆಲಿ ಓದದೆ ಹಾಕಿದ ಸಹಿಯಿಂದ ಆದದ್ದು ಅವರಿಗೆ ಗೊತ್ತು, ಬಾಯಿಮಾತಿನ ಒಪ್ಪಿಗೆಗೆ ಎಥಿಕ್ಸ್ ಕಮಿಟಿಯನ್ನ ಒಪ್ಪಿಸ್ಬಹುದು, ಒಪ್ಪಿಸಿ. ಗಂಡ ಅಥವಾ ಮೈದುನ ಪಕ್ಕದಲ್ಲಿ ಕೂತು ಉತ್ತರ ಕೊಡ್ತಿದ್ರೆ ಅದನ್ನೂ ಬರ್ಕೊಳ್ಳಿ, ಆಮೇಲೆ ಹೊಲದಲ್ಲೋ ಬಟ್ಟೆ ಒಗೆಯೋ ಕಡೆನೋ ಆಕೆ ಒಬ್ಳೇ ಸಿಕ್ಕಾಗ ಮಾತಾಡಿ. ಜಾತಿಗಾಗಿ ಹೊಡೆದ್ರಾ, ಹೆಣ್ಣು ಅಂತ ಹೊಡೆದ್ರಾ ಅಂತ ನಾನು ಕೇಳ್ತಿರ್ಲಿಲ್ಲ. ಎಲ್ಲಿಂದ ಹೇಳ್ತೀಯಕ್ಕಾ ಅಂತಿದ್ದೆ ಅಷ್ಟೇ. "ಕೂಲಿ ಕೇಳಾಕ ಹೋದ ದಿನದಿಂದ ಹೇಳ್ಬೇಕವ್ವ" ಅಂತ ಒಬ್ಬಾಕೆ ಶುರು ಮಾಡಿದ್ಲು, ಫೈಲಲ್ಲಿ ಕೂಲಿ ಬಾಕಿ ಸುದ್ದಿನೇ ಇರ್ಲಿಲ್ಲ. ಗಂಡಸರು ಬಂದು ಕೇಳಿದ್ರೆ ಜಗಳ, ಹೆಣ್ಣಾಳು ಬಾಯಿ ಬಿಟ್ರೆ ಸೀರೆಗೇ ಕೈ, ಇದನ್ನ ಆಕೆ ಯಾವ ಥಿಯರಿನೂ ಇಲ್ಲದೆ ನನಗೆ ಬಿಡಿಸಿ ಹೇಳಿದ್ಲು.

ಮನೆಕೆಲಸದವರದ್ದು ಬೇರೆ ಕಷ್ಟ. ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಬೈದ್ರೆ ಮಾತ್ರ ಜಾತಿ ನಿಂದನೆ, ನಾಲ್ಕು ಗೋಡೆ ಒಳಗೆ ಹೊರಗಿನವರು ಯಾರೂ ಇಲ್ದಿದ್ರೆ ಆಗಲ್ಲ ಅಂತ 2020ರ ಹಿತೇಶ್ ವರ್ಮಾ ತೀರ್ಪು ಹೇಳುತ್ತೆ. ಪರರ ಅಡುಗೆಮನೆಲಿ ಒಂಟಿಯಾಗಿ ದುಡಿಯೋಳಿಗೆ ಸಾಕ್ಷಿ ಯಾರು ಬರ್ತಾರೆ?

ಬರೆಯೋ ಹಂತದಲ್ಲಿ ಅತಿ ಹೆಚ್ಚು ತಲೆ ತಿಂದದ್ದು ಗುರುತು ಮುಚ್ಚೋದು. ಹೆಸರು, ಊರು ಬದಲಾಯಿಸಿದ್ರೆ ಮುಗೀತು ಅಂತ ಗೈಡ್‌ಗಳು ಹೇಳ್ತಾರೆ. ಆದ್ರೆ ಉಪಜಾತಿ, ವಯಸ್ಸು, ವಿಧವೆ, ಕಾಲಿನ ಊನ ಇಷ್ಟನ್ನೂ ಬರೆದ್ರೆ ಆ ತಾಲೂಕಿನಲ್ಲಿ ಯಾರು ಬೇಕಾದ್ರೂ ಅವಳ ಮನೆ ಬಾಗಿಲು ತೋರಿಸ್ತಾರೆ, ಬರೀದಿದ್ರೆ ಇಂಟರ್‌ಸೆಕ್ಷನಾಲಿಟಿ ಎಲ್ಲುಳೀತು? ನಾನು ಹಲವರ ವಿವರ ಬೆರೆಸಿ ಹೊಸ ಪಾತ್ರ ಕಟ್ಟಲಿಲ್ಲ, ಅದು ಸುಳ್ಳು ಅನ್ನಿಸ್ತು. ಪ್ರತಿ ಅಧ್ಯಾಯದಲ್ಲೂ ಆ ವಾದಕ್ಕೆ ಬೇಕಾದ ಎರಡು ಗುರುತು ಮಾತ್ರ ಇಟ್ಟೆ, ಅಧ್ಯಾಯದಿಂದ ಅಧ್ಯಾಯಕ್ಕೆ ಒಬ್ಬಳನ್ನೇ ಹಿಂಬಾಲಿಸೋಕೆ ಆಗ್ದಂಗೆ ನಂಬರ್ ಬದಲಾಯಿಸಿದೆ. ರಾಜಿಗೆ ಒತ್ತಡ ನಡೀತಿದ್ದ, ಕೇಸ್ ಇನ್ನೂ ಮುಗೀದೇ ಇದ್ದ ಒಬ್ಬಾಕೆಯ ಮಾತು ನನ್ನ ಹತ್ರ ಇದ್ದದ್ದರಲ್ಲೇ ಗಟ್ಟಿಯಾದದ್ದು, ಅದನ್ನ ಪೂರ್ತಿ ಹೊರಗಿಟ್ಟೆ, ಪಿಎಚ್‌ಡಿಯ ವೈವಾದಲ್ಲಿ (ಮೌಖಿಕ ಪರೀಕ್ಷೆ) ಇಂಥ ಕೇಸ್ ಯಾಕಿಲ್ಲ ಅಂತ ಕೇಳಿದ್ರು, ಕೇಸ್ ನಡೀತಿದೆ ಸರ್ ಅಂದೆ.