ಕುಡಿತದ ಚಿಕಿತ್ಸೆ: ಅವರು ಬರಲೊಪ್ಪದಿದ್ದರೆ ಮನೆಯವರೇ ಮೊದಲು ಹೋಗಿ

"ನನಗೇನಾಗಿದೆ ಅಂತ ಡಾಕ್ಟರ ಹತ್ತಿರ ಬರಲಿ?" ಕುಡಿಯುವವರ ಈ ಒಂದು ಮಾತಿಗೆ ಎಷ್ಟೋ ಮನೆಗಳು ಕೈಚೆಲ್ಲಿ ಕೂರುತ್ತವೆ. ಆದರೆ ವ್ಯಸನದ ಚಿಕಿತ್ಸೆ ಬಲ್ಲ ಮನೋವೈದ್ಯರು, ಆಪ್ತಸಮಾಲೋಚಕರು ಹೆಂಡತಿಯೋ ತಾಯಿಯೋ ತಮ್ಮನೋ ಒಬ್ಬರೇ ಬಂದರೂ ಕೂರಿಸಿಕೊಂಡು ಮಾತಾಡುತ್ತಾರೆ. ಯಾವಾಗ ಬಾಯಿಬಿಡಬೇಕು, ಏನು ಹೇಳಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬುದನ್ನು ಕಲಿಸುವುದೂ ಅವರ ಕೆಲಸವೇ.

ಮನೆಯವರನ್ನು ಹೀಗೆ ತಯಾರು ಮಾಡುವ ಕ್ರಮಗಳಲ್ಲಿ ಒಂದಕ್ಕೆ ಕ್ರಾಫ್ಟ್ ಎಂದು ಹೆಸರು. ಅಮೆರಿಕದ ರಾಬರ್ಟ್ ಮೇಯರ್ಸ್ ರೂಪಿಸಿದ್ದು. ಚಿಕಿತ್ಸೆಗೆ ಒಪ್ಪದ ಕುಡುಕರ 130 ಮಂದಿ ಆಪ್ತರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಕ್ರಾಫ್ಟ್ ಕಲಿತವರ ಪೈಕಿ ಶೇ. 64ರಷ್ಟು ಜನ ತಮ್ಮವರನ್ನು ಚಿಕಿತ್ಸೆಗೆ ಕರೆತಂದರು. ಎಲ್ಲರೂ ಒಟ್ಟಿಗೆ ಕೂತು ಎದುರಾಎದುರು ಹೇಳಿಬಿಡುವ ಕ್ರಮದಲ್ಲಿ ಶೇ. 30, ಕುಡುಕರ ಮನೆಯವರು ಸೇರುವ ಅಲ್-ಅನಾನ್ ಗುಂಪಿನ ಮಾದರಿಯಲ್ಲಿ ಶೇ. 13. ಅಲ್-ಅನಾನ್ ಇರುವುದೇ ಮನೆಯವರ ಸಮಾಧಾನಕ್ಕೆ, ಆ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಮಾವ, ಚಿಕ್ಕಪ್ಪ, ಸಂಘದ ಹಿರಿಯರನ್ನೆಲ್ಲ ಸೇರಿಸಿ ಪಂಚಾಯಿತಿ ಮಾಡುವ ನಮ್ಮ ಅಭ್ಯಾಸವನ್ನು ಈ ಅಂಕಿ ನೋಡಿದ ಮೇಲಾದರೂ ಸ್ವಲ್ಪ ತಡೆಹಿಡಿಯಬಹುದು.

ಮಹಾರಾಷ್ಟ್ರ, ಗೋವಾದಲ್ಲಿರುವ ಕನ್ನಡಿಗರು ಎಲ್ಲಿಗೆ ಹೋಗುವುದು? ಮುಂಬೈಯಲ್ಲಿ ಪರೇಲಿನ ಕೆಇಎಂ, ಸಯನ್, ನಾಯರ್, ಜೆಜೆ ಆಸ್ಪತ್ರೆಗಳ ಮನೋವೈದ್ಯ ವಿಭಾಗದ ಓಪಿಡಿ ಇದೆ. ಕೇಸ್ ಪೇಪರ್ ನಿಮ್ಮ ಹೆಸರಿನಲ್ಲೇ ಮಾಡಿಸಿ, "ಮನೆಯವರ ಕುಡಿತದ ಬಗ್ಗೆ ಸಲಹೆ ಬೇಕು" ಎನ್ನಿ. ಸರದಿ ಉದ್ದವಿರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಪುಣೆಯಲ್ಲಿ ಸಸೂನ್ ಆಸ್ಪತ್ರೆ ಇದೆ. ಯೆರವಾಡದ ಮುಕ್ತಾಂಗಣ 1986ರಲ್ಲಿ ಅನಿತಾ ಮತ್ತು ಅನಿಲ ಅವಚಟ್ ದಂಪತಿ ಕಟ್ಟಿದ ವ್ಯಸನಮುಕ್ತಿ ಸಂಸ್ಥೆ. ಗೋವಾದಲ್ಲಿ ಬಾಂಬೋಲಿಯ ಮಾನಸಿಕ ಆಸ್ಪತ್ರೆ, ಜನ ಐಪಿಎಚ್‌ಬಿ ಎಂದೇ ಕರೆಯುವುದು. 1981ರಲ್ಲಿ ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ ಶುರುಮಾಡಿದ ವ್ಯಸನಮುಕ್ತಿ ಸಂಸ್ಥೆ ಕೃಪಾ ಫೌಂಡೇಶನ್ ಮುಂಬೈ ಭಾಗದಲ್ಲೂ ಗೋವಾದಲ್ಲೂ ಇದೆ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ.

ಭಾಷೆಯ ವಿಷಯ ಸಣ್ಣದಲ್ಲ. ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಹಿಂದಿ, ಮರಾಠಿ ಮಾತಾಡಿದವರೂ ನಾಚಿಕೆಯ ವಿಷಯಕ್ಕೆ ಬಂದಾಗ ಕನ್ನಡಕ್ಕೋ ತುಳುವಿಗೋ ಇಳಿಯುತ್ತಾರೆ. ಫೋನ್ ಮಾಡಿದಾಗಲೇ "ಕನ್ನಡ, ತುಳು ಬಲ್ಲವರು ಯಾವ ದಿನ ಇರುತ್ತಾರೆ?" ಎಂದು ಕೇಳಿ. ಇನ್ನೊಂದು ಭಯ, ಸುದ್ದಿ ಊರವರಿಗೆ ಹಬ್ಬುವುದು. ಪೇಷಂಟಿನ ವಿಷಯ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಕಡ್ಡಾಯ. ಆದರೂ ಮನಸ್ಸು ತಡೆದರೆ ಡೊಂಬಿವಲಿಯವರು ಮುಲುಂಡಿನಲ್ಲಿ, ಮೀರಾ ರೋಡಿನವರು ಅಂಧೇರಿಯಲ್ಲಿ ವೈದ್ಯರನ್ನು ಹುಡುಕಿಕೊಳ್ಳಲಿ.

ಸಮಾಲೋಚಕರು ಎಂಬಿಬಿಎಸ್ ಅಲ್ಲವೆಂದು ಹಗುರವಾಗಿ ಕಾಣಬೇಡಿ. ಗೋವಾದ ಸಂಗಾತ್ ಸಂಸ್ಥೆ ವೈದ್ಯರಲ್ಲದವರಿಗೇ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತ್ತು. ಅಪಾಯದ ಮಟ್ಟದಲ್ಲಿ ಕುಡಿಯುವವರಿಗೆ ಅದರಿಂದ ಪ್ರಯೋಜನವಾದದ್ದು 2017ರ ಅಧ್ಯಯನದಲ್ಲಿ ಕಂಡುಬಂತು. ಕುಡಿಯದಿದ್ದರೆ ಕೈ ನಡುಗುವ ಹಂತ ಮುಟ್ಟಿದವರಿಗೆ ಮಾತ್ರ ಮನೋವೈದ್ಯರು ಬೇಕೇ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದವರ ಬಳಿ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ (ಆರ್‌ಸಿಐ) ನೋಂದಣಿ ಇದೆಯೇ ಕೇಳಿ.

ಮೊದಲ ಭೇಟಿಗೆ ಒಂದು ಹಾಳೆ ಬರೆದುಕೊಂಡು ಹೋಗಿ. ಎಷ್ಟು ವರ್ಷದಿಂದ, ಏನು, ದಿನಕ್ಕೆ ಎಷ್ಟು. "ಸ್ವಲ್ಪ ತಗೊಳ್ತಾರೆ" ಎಂದರೆ ವೈದ್ಯರಿಗೆ ಏನೂ ತಿಳಿಯದು. ಎರಡು ಕ್ವಾರ್ಟರ್ ಎಂದರೆ 360 ಮಿ.ಲೀ., ಹಾಗೆ ಬರೆಯಿರಿ. ದಿನದ ಮೊದಲ ಗುಟುಕು ಎಷ್ಟು ಗಂಟೆಗೆ? ಬೆಳಿಗ್ಗೆ ಕೈ ನಡುಗುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಾಣಿಸಿತ್ತೇ? ಸಕ್ಕರೆ, ಬಿಪಿ, ನಿದ್ರೆಯ ಮಾತ್ರೆ, ಹೊಡೆತ ಬಡಿತ, ಸಾಲ, ಸಾಯುವ ಮಾತು, ಎಲ್ಲವೂ ಆ ಹಾಳೆಯಲ್ಲಿರಲಿ. ಈ ಪೈಕಿ ಮುಚ್ಚಿಡಬಾರದ್ದು ನಡುಕ ಮತ್ತು ಫಿಟ್ಸ್.

ಕಾರಣ ಇಷ್ಟೇ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ಬಿಟ್ಟರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರುವಾಗುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಬುದ್ಧಿ ಭ್ರಮಿಸಿ ಜೀವಕ್ಕೇ ಅಪಾಯವಾಗಬಹುದು. ಕೋಣೆಯಲ್ಲಿ ಕೂಡಿಹಾಕುವುದು, "ಊರಿಗೆ ಹೋಗಿ ನಾಲ್ಕು ದಿನ ಇರಲಿ" ಎಂದು ಮತ್ಸ್ಯಗಂಧಾ ರೈಲಿಗೋ ರಾತ್ರಿಯ ಹುಬ್ಬಳ್ಳಿ ಬಸ್ಸಿಗೋ ಹತ್ತಿಸುವುದು ಇದೇ ಕಾರಣಕ್ಕೆ ಕೆಟ್ಟ ಉಪಾಯ. ಧರ್ಮಸ್ಥಳದ ಕಡೆಯಿಂದ ನಡೆಯುವ ಮದ್ಯವರ್ಜನ ಶಿಬಿರಕ್ಕೆ ತಾವಾಗಿ ಹೊರಟವರನ್ನೂ ಮೊದಲು ವೈದ್ಯರಿಗೆ ತೋರಿಸಿ.

ಶ್ರಾವಣದ ವಿಷಯವೂ ಹಾಗೆಯೇ. ಊರಲ್ಲಿ ಭೀಮನ ಅಮಾವಾಸ್ಯೆ ಇರುವ ದಿನವೇ ಇಲ್ಲಿ ಮಹಾರಾಷ್ಟ್ರದಲ್ಲಿ ಗಟಾರಿ, ಶ್ರಾವಣಕ್ಕೆ ಮುಂಚಿನ ಕುಡಿತದ ದಿನ. ಅಂದು ಹೊಟ್ಟೆತುಂಬ ಕುಡಿದು ಮರುದಿನದಿಂದ ತಿಂಗಳು ಮುಟ್ಟದವರಿದ್ದಾರೆ. ಬಿಡಲು ಸಿದ್ಧರಾದ ಆ ಮನಸ್ಸು ಚಿಕಿತ್ಸೆಯ ಮಾತೆತ್ತಲು ಒಳ್ಳೆಯ ಸಮಯ. ಆದರೆ ಮಾತು ಗಟಾರಿಗೆ ಒಂದು ವಾರ ಮೊದಲೇ ಆಗಲಿ, ಬಿಡುವ ಮೊದಲ ದಿನಗಳಿಗೆ ಔಷಧಿ ಸಿಗುತ್ತದೆ.

ಮಾತಿನ ಹೊತ್ತು ಬೆಳಿಗ್ಗೆ, ಚಹಾ ಕುಡಿದಾದ ಮೇಲೆ. ರಾತ್ರಿ ಹೇಳಿದ್ದು ನೆನಪಿರುವುದಿಲ್ಲ, ಜಗಳ ಮಾತ್ರ ಉಳಿಯುತ್ತದೆ. ಒಬ್ಬರೇ ಮಾತಾಡಿ, ಒಂದೇ ವಿಷಯ ಕೇಳಿ: "ಗುರುವಾರ ಹನ್ನೊಂದು ಗಂಟೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ. ನಿಮ್ಮ ಜೊತೆ ನಾನೂ ಬರ್ತೇನೆ. ಒಂದು ಸಲ ಮಾತಾಡಿ ನೋಡುವ." ಭರ್ತಿ ಮಾಡುವ ಯೋಚನೆ ಇದ್ದರೆ "ಬರೀ ಬಿಪಿ ತೋರಿಸಲು" ಎಂದು ಸುಳ್ಳು ಹೇಳಬೇಡಿ, ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಕುಡಿಯದ ಸಂಜೆ ಜೊತೆಗೆ ಕೂತು ಊಟ ಮಾಡಿ, ಅವರಿಗೆ ಇಷ್ಟವಾದ ಮೀನುಸಾರು ಆ ದಿನಕ್ಕಿರಲಿ. ಕುಡಿದು ಬಂದ ದಿನ ವಾದವಿಲ್ಲದೆ ಎದ್ದುಹೋಗಿ. ಧಣಿಗೆ ಫೋನ್ ಮಾಡಿ "ಜ್ವರ" ಎನ್ನುವುದನ್ನೂ ಬಾರಿನ ಉದ್ರಿ ತೀರಿಸುವುದನ್ನೂ ನಿಲ್ಲಿಸಿ. ಕೈ ಮಾಡುವವರ ಮನೆಯಲ್ಲಿ ಇದ್ಯಾವುದಕ್ಕೂ ಮೊದಲು ಹೆಂಗಸರು, ಮಕ್ಕಳು ಎಲ್ಲಿಗೆ ಹೋಗಬೇಕೆಂಬುದು ಗೊತ್ತಾಗಿರಬೇಕು. ತುರ್ತು ಸಹಾಯದ 112 ಮತ್ತು ಮಹಿಳಾ ಸಹಾಯವಾಣಿ 181 ಫೋನಿನಲ್ಲಿರಲಿ.

"ಗಾಡಿ ಕಳಿಸಿ ಎತ್ತಿಕೊಂಡು ಬರುತ್ತೇವೆ" ಎನ್ನುವ ಕೇಂದ್ರಗಳಿಗೆ ದುಡ್ಡು ಕಟ್ಟಬೇಡಿ. ಒಪ್ಪದವರನ್ನು ಭರ್ತಿ ಮಾಡಲು ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಸೆಕ್ಷನ್ ಇದೆ. ತನಗೋ ಇತರರಿಗೋ ಅಪಾಯ ಮಾಡುವ ಸ್ಥಿತಿ, ಅಥವಾ ತನ್ನನ್ನೇ ನೋಡಿಕೊಳ್ಳಲಾಗದೆ ಅಪಾಯಕ್ಕೆ ಬಿದ್ದ ಸ್ಥಿತಿ ಇರಬೇಕು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು, ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲಿಗೆ ಗರಿಷ್ಠ 30 ದಿನ. ಕಾಯ್ದೆಯಡಿ ನೋಂದಣಿ ಪತ್ರ ತೋರಿಸದ, ರಾತ್ರಿ ಡಾಕ್ಟರಿಲ್ಲದ, ತಿಂಗಳುಗಟ್ಟಲೆ ಮುಖ ನೋಡಲು ಬಿಡದ, ಗ್ಯಾರಂಟಿ ಕೊಡುವ ಜಾಗದಿಂದ ಎದ್ದು ಬನ್ನಿ.

ಗುಟ್ಟಾಗಿ ಸಾರಿನಲ್ಲಿ ಬೆರೆಸುವ ಪುಡಿಯೂ ಬೇಡ. ಅದರಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಔಷಧಿ ಇದ್ದರೆ, ಗೊತ್ತಿಲ್ಲದೆ ಮೇಲೆ ಕುಡಿದವರ ಬಿಪಿ ಕುಸಿದು ಹೃದಯಕ್ಕೆ ಪೆಟ್ಟು ಬೀಳಬಹುದು. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಎಲ್ಲ ಗೊತ್ತಿದ್ದು, ವೈದ್ಯರ ಕಣ್ಗಾವಲಲ್ಲೇ ಕೊಡುವಂಥದ್ದು.

"ಆಯ್ತು, ಬರ್ತೇನೆ" ಎಂಬ ಮಾತು ಅರ್ಧ ದಿನ ಬಾಳಿದರೆ ಹೆಚ್ಚು. ಯಾವ ಆಸ್ಪತ್ರೆ, ಯಾರ ಹೆಸರು, ಎಷ್ಟು ಖರ್ಚು ಎಂಬುದು ಮೊದಲೇ ತೀರ್ಮಾನವಾಗಿರಲಿ. ಆಧಾರ್, ವಿಮೆಯ ಕಾರ್ಡ್, ಹಳೆಯ ರಿಪೋರ್ಟ್, ಎರಡು ಜೊತೆ ಬಟ್ಟೆ ಒಂದು ಚೀಲದಲ್ಲಿ ತಯಾರಿರಲಿ. ಆಗಲೇ ನಡುಕ ಜೋರಾಗಿದ್ದರೆ ವ್ಯಸನಮುಕ್ತಿ ಕೇಂದ್ರಕ್ಕಲ್ಲ, ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ, ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ ಎಂಬುದನ್ನು ಮೊದಲು ಹೇಳಿ.