ಗಣಿ ರಸ್ತೆ: ಮಣ್ಣನ್ನು ಎರಡು ಸಲ ಎತ್ತಬೇಡಿ

ಗಣಿಯಲ್ಲಿ ಅದಿರಿಗಿಂತ ಮೊದಲು ಸಿಗುವುದು ಮಣ್ಣು. ರಸ್ತೆಗೆಂದು ಗುಡ್ಡ ಕಡಿದರೂ ಮಣ್ಣು, ಅದಿರಿನ ಮೇಲಿನ ಹೊದಿಕೆ ತೆಗೆದರೂ ಮಣ್ಣು. ಅದನ್ನು ಇವತ್ತು ಎಲ್ಲೋ ಸುರಿದು, ಆರು ತಿಂಗಳಾದ ಮೇಲೆ ‘ಅಯ್ಯೋ, ರಸ್ತೆ ಇಲ್ಲೇ ಬರಬೇಕಿತ್ತು’ ಎಂದು ಮತ್ತೆ ಎತ್ತಿದರೆ ಡೀಸೆಲ್ ಎರಡು ಸಲ ಸುಟ್ಟಂತೆ. ಹಾಗಾಗಿ ಡೋಜರ್ ತರಿಸುವ ಮೊದಲು ನಕ್ಷೆ ಹರಡಿಕೊಂಡು ಕೂರಿ.

ಮೊದಲು ದಾರಿ ಗುರುತಿಸಿ

ಗಣಿಯ ಗುಂಡಿ ಕೊನೆಗೆ ಎಲ್ಲಿಯವರೆಗೆ ಅಗಲವಾಗುತ್ತದೆ, ಮಣ್ಣಿನ ರಾಶಿ ಎಲ್ಲಿ ಬೀಳುತ್ತದೆ, ಕ್ರಷರ್ ಎಲ್ಲಿ ಕೂರುತ್ತದೆ ಎಂಬುದನ್ನು ನಕ್ಷೆಯಲ್ಲಿ ಬರೆದುಕೊಳ್ಳಿ. ಬಹುಕಾಲ ಉಳಿಯಬೇಕಾದ ರಸ್ತೆ ಇವುಗಳ ಹೊರಗೇ ಹೋಗಲಿ. ಆಮೇಲೆ ಆ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಮಳೆನೀರು ಕೊರೆದ ಗೆರೆಗಳು ನಕ್ಷೆಗಿಂತ ಕಾಲಿಗೇ ಬೇಗ ಸಿಗುತ್ತವೆ.

ಏರು ಶೇ 8ರಿಂದ 10ರೊಳಗೆ ಇದ್ದರೆ ಒಳ್ಳೆಯದು. ಶೇ 10 ಅಂದರೆ 10 ಮೀಟರ್ ಮುಂದಕ್ಕೆ ಹೋದಾಗ 1 ಮೀಟರ್ ಮೇಲಕ್ಕೆ. 50 ಮೀಟರ್ ಎತ್ತರ ಹತ್ತಬೇಕಾದರೆ ಸುಮಾರು 500 ಮೀಟರ್ ರಸ್ತೆ ಬೇಕೇ ಬೇಕು. ದೂರ ಉಳಿಸಲು ಕಡಿದಾಗಿ ಮಾಡಿದರೆ ತುಂಬಿದ ಡಂಪರ್ ಹತ್ತುವಾಗ ತೆವಳುತ್ತದೆ, ಇಳಿಯುವಾಗ ಬ್ರೇಕ್ ಬಿಸಿಯಾಗುತ್ತದೆ. ಏರು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇದ್ದರೆ ಚಾಲಕನಿಗೆ ಪದೇ ಪದೇ ಗೇರ್ ಬದಲಿಸುವ ಕಾಟವೂ ಇಲ್ಲ.

ಅಗಲವನ್ನು ನಿಮ್ಮಲ್ಲಿರುವ ಅತಿ ಅಗಲದ ಗಾಡಿ ನಿರ್ಧರಿಸುತ್ತದೆ. ಎರಡೂ ಕಡೆ ಓಡಾಟವಿದ್ದರೆ ಅದರ ಮೂರರಿಂದ ಮೂರೂವರೆ ಪಟ್ಟು. ಡಂಪರ್ 6 ಮೀಟರ್ ಅಗಲವಿದ್ದರೆ ರಸ್ತೆ 18ರಿಂದ 21 ಮೀಟರ್. ಚರಂಡಿ, ಬದು ಇದಕ್ಕೆ ಸೇರಿಲ್ಲ. ಕಣಿವೆಯ ಕಡೆ ಕಟ್ಟುವ ಬದು ಕನಿಷ್ಠ ಚಕ್ರದ ಅರ್ಧದಷ್ಟಾದರೂ ಎತ್ತರ ಇರಬೇಕು. 2.7 ಮೀಟರ್ ಎತ್ತರದ ಟೈರಿಗೆ ಮೊಣಕಾಲೆತ್ತರದ ಮಣ್ಣು ಹೊಸ್ತಿಲಿದ್ದಂತೆ, ಸುಮ್ನೆ ದಾಟಿಬಿಡುತ್ತದೆ.

ಒಂದೇ ಮಣ್ಣು, ಮೂರು ಅಳತೆ

ಲೆಕ್ಕ ತಪ್ಪುವುದೇ ಇಲ್ಲಿ. ನೆಲದಲ್ಲಿದ್ದಾಗ 100 ಘನ ಮೀಟರ್ ಇದ್ದ ಮಣ್ಣು ಅಗೆದ ಮೇಲೆ ಉಬ್ಬಿ ಸುಮಾರು 125 ಆಗುತ್ತದೆ. ಅದನ್ನೇ ರೋಲರ್ ಹಾಕಿ ಗಟ್ಟಿ ಮಾಡಿದರೆ 90ಕ್ಕೆ ಇಳಿಯಬಹುದು. ಸ್ಫೋಟಿಸಿದ ಬಂಡೆಯಂತೂ ಒಂದೂವರೆ ಪಟ್ಟು ಉಬ್ಬುವುದುಂಟು.

ಈಗ ಒಂದು ತಗ್ಗು ತುಂಬಲು ಗಟ್ಟಿ ಮಾಡಿದ ಮಣ್ಣು 900 ಘನ ಮೀಟರ್ ಬೇಕು ಅಂದುಕೊಳ್ಳಿ. ನೆಲದಿಂದ 1,000 ಘನ ಮೀಟರ್ ಅಗೆಯಬೇಕು, ಟಿಪ್ಪರ್ ಹೊರುವುದು 1,250. ಒಂದು ಟಿಪ್ಪರಿಗೆ 10 ಘನ ಮೀಟರ್ ಹಿಡಿದರೆ 125 ಟ್ರಿಪ್. 900ನ್ನು ನೇರವಾಗಿ 10ರಿಂದ ಭಾಗಿಸಿದವರಿಗೆ 35 ಟ್ರಿಪ್ ಕಡಿಮೆ ಬೀಳುತ್ತದೆ! ಕಡಿದ ಮಣ್ಣು ಹತ್ತಿರದ ತಗ್ಗಿಗೇ ಸಾಲುವಂತೆ ರಸ್ತೆಯ ಮಟ್ಟವನ್ನು ಸ್ವಲ್ಪ ಏರಿಸಿ ಇಳಿಸಿ ನೋಡಿ. ಕಾಗದದ ಮೇಲೆ ಅಳಿಸಲು ರಬ್ಬರ್ ಸಾಕು, ಅಲ್ವಾ?

ಮೇಲಿನ 15ರಿಂದ 30 ಸೆಂ.ಮೀ. ಮೇಲ್ಮಣ್ಣನ್ನು ಮಾತ್ರ ಇದರಲ್ಲಿ ಬೆರೆಸಬೇಡಿ. ಅದನ್ನು ಬೇರೆಯೇ ರಾಶಿ ಮಾಡಿ, ಎರಡು ಮೀಟರಿಗಿಂತ ಜಾಸ್ತಿ ಎತ್ತರ ಬೇಡ, ಮೇಲೆ ಹುಲ್ಲು ಬಿತ್ತಿ. ಮುಂದೆ ಗಿಡ ನೆಡುವಾಗ ಇದೇ ಬೇಕು.

ಹದ ನೋಡಿ ಗಟ್ಟಿ ಮಾಡಿ

ಬೇರು, ಬೊಡ್ಡೆಗಳನ್ನು ಕಿತ್ತು ಹಾಕಿ. ಕೊಳೆತರೆ ಒಳಗೆ ಪೊಳ್ಳಾಗುತ್ತದೆ. ಗುಡ್ಡದ ಇಳಿಜಾರಿನ ಮೇಲೆ ಮಣ್ಣು ತುಂಬುವುದಾದರೆ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಇಲ್ಲದಿದ್ದರೆ ಹೊಸ ಮಣ್ಣು ಹಳೆಯದರ ಮೇಲಿಂದ ಜಾರುತ್ತದೆ.

ಒಂದು ಸಲಕ್ಕೆ 20ರಿಂದ 30 ಸೆಂ.ಮೀ. ಪದರ ಸಾಕು. ಹದ ನೋಡಲು ಒಂದು ಹಿಡಿ ಮಣ್ಣು ತೆಗೆದುಕೊಂಡು ಗಟ್ಟಿಯಾಗಿ ಅದುಮಿ. ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು. ಸೊಂಟದ ಎತ್ತರದಿಂದ ಬಿಟ್ಟಾಗ ನಾಲ್ಕಾರು ತುಂಡಾದರೆ ಸರಿ. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿದರೆ ಒಣಗಲು ಬಿಡಿ. ಇದು ಅಂದಾಜು ಅಷ್ಟೇ. ಲ್ಯಾಬ್ ಪರೀಕ್ಷೆ ತಪ್ಪಿಸಬೇಡಿ.

ಈ ಬುನಾದಿಯ ಮೇಲೆ ಗಣಿಯಲ್ಲೇ ಸಿಗುವ ದಪ್ಪ ಕಲ್ಲು, ಅದರ ಮೇಲೆ ಸಣ್ಣದು, ಎಲ್ಲಕ್ಕಿಂತ ಮೇಲೆ ಪುಡಿಮಾಡಿದ ಜಲ್ಲಿ. ಆದರೆ ಗಂಧಕದ ಖನಿಜವಿರುವ ಕಲ್ಲು ರಸ್ತೆಗೆ ಬೇಡ. ಗಾಳಿ, ನೀರು ತಾಗಿದರೆ ಅದರಿಂದ ಆಮ್ಲ ಹೊರಡುತ್ತದೆ.

ನೀರು, ಧೂಳು

ರಸ್ತೆಗೆ ಶೇ 2ರಿಂದ 3 ಅಡ್ಡ ಇಳಿಜಾರು ಕೊಡಿ. ಗುಡ್ಡದ ಕಡೆ ಚರಂಡಿ, ಹಳ್ಳ ದಾಟುವಲ್ಲಿ ಮೋರಿ, ಬದುವಿನಲ್ಲಿ ಅಲ್ಲಲ್ಲಿ ನೀರು ಹೋಗಲು ಕಂಡಿ. ಕೆಂಪು ನೀರನ್ನು ನೇರ ಹಳ್ಳಕ್ಕೆ ಬಿಡಬೇಡಿ. ಹೊಂಡದಲ್ಲಿ ನಿಲ್ಲಿಸಿ, ಹೂಳು ತಳಕ್ಕೆ ಇಳಿದ ಮೇಲೆ ಹೊರಗೆ ಬಿಡಿ. ಹೊಂಡದ ಹೂಳನ್ನು ಮಳೆಗಾಲಕ್ಕೆ ಮೊದಲೇ ತೆಗೆಯಿರಿ.

ರಸ್ತೆಯ ಮೈ ಕೆರೆದು ಸಮ ಮಾಡುವ ಗ್ರೇಡರ್ ಯಂತ್ರ ಓಡಿಸುವುದು ದುಂದು ಎನ್ನುವವರಿಗೆ ಒಂದು ಲೆಕ್ಕ. ಟೈರ್ 1 ಸೆಂ.ಮೀ. ಹೂತರೆ ಸುಮಾರು ಶೇ 0.6 ಏರು ಹತ್ತಿದಷ್ಟು ಹೆಚ್ಚುವರಿ ಶ್ರಮ. 5 ಸೆಂ.ಮೀ. ಹೂತರೆ ಸಪಾಟು ರಸ್ತೆಯೂ ಶೇ 3ರ ಏರೇ.

ಧೂಳಿಗೆ ಟ್ಯಾಂಕರ್ ನೀರು ಹಾಕುವಾಗ ಇಳಿಜಾರನ್ನು ಪೂರ್ತಿ ನೆನೆಸಬೇಡಿ. ಬಿಟ್ಟು ಬಿಟ್ಟು ಚಿಮುಕಿಸಿ. ಒದ್ದೆ ಪಟ್ಟಿಯಲ್ಲಿ ಜಾರಿದ ಚಕ್ರಕ್ಕೆ ಮುಂದಿನ ಒಣ ಪಟ್ಟಿಯಲ್ಲಿ ಹಿಡಿತ ಸಿಗುತ್ತದೆ.