179 ರೂಪಾಯಿ ಕಾರಿನ ಲೆಕ್ಕವನ್ನು ಮಗುವಿಗೆ ತೋರಿಸೋದು ಹೇಗೆ

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಆಟೋ ಓಡಿಸ್ತೀನಿ. ಮಗನಿಗೆ ಏಳು ವರ್ಷ, ಅವನ ಹತ್ತಿರ 23 ಹಾಟ್ ವೀಲ್ಸ್ ಆಟಿಕೆ ಕಾರುಗಳಿವೆ. ಇಪ್ಪತ್ನಾಲ್ಕನೇದು ಬೇಕು ಅಂತ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ನೆಲದ ಮೇಲೆ ಕೂತು ಅತ್ತ. ಗದರಿಸಿ ಎಳ್ಕೊಂಡು ಬಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಬೇರೆ ದಾರಿ ಹಿಡಿದೆ. ನಿಮ್ಮನೇಲೂ ಇದೇ ಪಾಡಾಗಿದ್ರೆ ಮಾಡಿ ನೋಡಿ.

ಮೊದಲು, ಕಾರು ಅಂಟಿಸಿರೋ ರಟ್ಟನ್ನ ಬಿಸಾಕಬೇಡಿ. ಮಗನ ಪಕ್ಕ ಕೂತು ಅದನ್ನ ಓದಿ. ನಮ್ಮನೇಲಿರೋ ಒಂದರ ಮೇಲೆ 3/10, 128/250 ಅಂತಿದೆ. ಹತ್ತರ ಗುಂಪಲ್ಲಿ ಇದು ಮೂರನೇದು, ಆ ವರ್ಷದ 250 ಮಾದರಿಗಳಲ್ಲಿ 128ನೇದು. ಅಂದ್ರೆ ಒಂದು ಕಾರು ಕೈಗೆ ಬಂದ ಕ್ಷಣವೇ, ಇಲ್ಲದಿರೋ ಒಂಬತ್ತರ ಲೆಕ್ಕವೂ ಮಗುವಿನ ತಲೆಗೆ ಬಂತು. ಚನ್ನಪಟ್ಟಣದ ಬುಗುರಿ ಮೇಲೆ ಇಂಥ ನಂಬರ್ ನಾನು ಯಾವತ್ತೂ ಕಂಡಿಲ್ಲ. ಅವನು ಅತ್ತಿದ್ದು ಹಟಕ್ಕಲ್ಲ, ಆ ನಂಬರಿಗೆ ಅಂತ ನನಗೆ ಆಗ ಹೊಳೀತು.

1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಶುರು ಮಾಡಿದಾಗ ಇದ್ದಿದ್ದು 16 ಕಾರು. 1995ರಿಂದ 'ಟ್ರೆಷರ್ ಹಂಟ್' ಅಂತ ಕೆಲವನ್ನ ಬೇಕಂತಲೇ ಕಮ್ಮಿ ಮಾಡಿ ಬಿಡ್ತಾ ಬಂದ್ರು. ಅದನ್ನ ಹುಡುಕೋರಲ್ಲಿ ದೊಡ್ಡವರೂ ಇದಾರೆ, ಸಿಕ್ಕಿದ್ದನ್ನ ಪ್ಯಾಕೆಟ್ ಒಡೆಯದೆ ಇಟ್ಕೊಳ್ಳೋರೂ ಇದಾರೆ. ಉರುಳದ ಕಾರು! ಇದನ್ನ ಮಗನಿಗೆ ಹೇಳಿದಾಗ, "ಪಾಪ, ಅದು ಓಡೋದೇ ಇಲ್ವಾ ಅಪ್ಪಾ?" ಅಂದ.

ಆಮೇಲೆ ಆ ಆಟಿಕೆಗಳಲ್ಲೇ ಒಂದು ಲಾರಿ, ಒಂದು ಪುಟ್ಟ ಕಾರು ಪಕ್ಕಪಕ್ಕ ಇಟ್ಟು ಸ್ಕೇಲಲ್ಲಿ ಅಳೆಸಿ. ನಮ್ಮವೆರಡೂ ಹೆಚ್ಚುಕಮ್ಮಿ ಒಂದೇ ಉದ್ದ. ಒಂದೇ ಅಳತೆಯ ಪ್ಯಾಕೆಟ್ಟಿಗೆ ಕೂರಬೇಕು, ಅದಕ್ಕೇ.

ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಬೆಲೆಯ ಪಾಠ. ದುಡ್ಡನ್ನ ನಿಮ್ಮ ಕೆಲಸದ ಅಳತೆಗೆ ತಿರುಗಿಸಿ. ಹೊಲಿಯೋರಾದ್ರೆ ಎಷ್ಟು ಬ್ಲೌಸು, ಹೂ ಕಟ್ಟೋರಾದ್ರೆ ಎಷ್ಟು ಮೊಳ. ನಾನು ಕೊನೇ ಕಾರು ಕೊಂಡಿದ್ದು 179 ರೂಪಾಯಿಗೆ. ಆಟೋ ಮೀಟರ್ ಈಗ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಹತ್ತು ಕಿಲೋಮೀಟರಿಗೆ 180. ಭಾನುವಾರ ಬೆಳಿಗ್ಗೆ ಅವನನ್ನ ಹಿಂದೆ ಕೂರಿಸಿಕೊಂಡು ಮೀಟರ್ ಹಾಕಿದೆ. ಕಾರ್ಪೊರೇಷನ್ ಸರ್ಕಲ್ ದಾಟಿ ಮಲ್ಲೇಶ್ವರದ ಕಡೆ ಹೊರಟ್ವಿ. "ಇನ್ನೂ ಆಗಿಲ್ವಾ?" ಅಂತ ನಾಲ್ಕು ಸಲ ಕೇಳಿದ. ಮೀಟರ್ 180 ತೋರಿಸಿದಾಗ ಗಾಡಿ ನಿಲ್ಲಿಸಿ, "ಇದು ಒಂದು ಕಾರು. ಗ್ಯಾಸಿನ ದುಡ್ಡು ಬೇರೆ" ಅಂದೆ. ಆ 250 ಮಾದರಿಗೂ ಲೆಕ್ಕ ಹಾಕಿದ್ವಿ: 2,500 ಕಿಲೋಮೀಟರ್. ದೆಹಲಿಗೆ ಹೋದ್ರೂ ಇನ್ನೂ ಉಳಿಯುತ್ತೆ.

ಒಂದು ಎಚ್ಚರ. ಇದನ್ನ ಹುಟ್ಟುಹಬ್ಬದ ದಿನ ಮಾಡಬೇಡಿ, ಅಂಗಡಿಯಲ್ಲಿ ನಾಲ್ಕು ಜನರ ಮುಂದೆಯಂತೂ ಬೇಡವೇ ಬೇಡ. ಇರೋ ಕಾರುಗಳನ್ನ ಕಿತ್ಕೋಬೇಡಿ. ಮಗುವಿಗೆ ಅವು ನಿಜವಾಗ್ಲೂ ಇಷ್ಟ, ಅದರಲ್ಲಿ ತಪ್ಪಿಲ್ಲ.

ಹೋದ ವಾರ ನಮ್ಮವನು ಒಂದು ನೀಲಿ ಲಾರಿ ಆರಿಸಿದ. ಕೊಡಿಸಿದೆ. ಆಟೋದಲ್ಲೇ ಪ್ಯಾಕೆಟ್ ಹರಿದು, ಮನೆ ಮುಟ್ಟೋವರೆಗೂ ಸೀಟಿನ ಮೇಲೆ ಓಡಿಸ್ತಾ ಬಂದ.